ವಾಸನೆಯ ಸುದ್ದಿ ಎತ್ತಕೂಡದು

ಸಾಲಿಗ್ರಾಮ
೩ ಜನವರಿ ೨೦೨೫

ಚಂದ್ರಮತಿ,

ಮೊದಲು ಆಶೀರ್ವಾದ, ಆಮೇಲೆ ತಕರಾರು.

ಕಿಟ್ಟನ ಕಾಗದ ಬಂತು. ನಾನು ಕಳಿಸಿದ ಮಾವಿನ ಮಿಡಿಯ ಭರಣಿ ಬಿಚ್ಚಿದ ಕೂಡಲೇ ನಿಮ್ಮ ಮನೆಯೆಲ್ಲ ಘಮ್ಮೆಂದಿತಂತೆ. ಅಮ್ಮನ ನೆನಪಾಯಿತಂತೆ. ಓದಿ ನನಗೂ ಸಂತೋಷವಾಯಿತು. ನಿನ್ನೆ ಅದೇ ಉಪ್ಪುನೀರಿನಲ್ಲಿ, ಅದೇ ದಿನ ಹಾಕಿಟ್ಟ ನನ್ನ ಪಾಲಿನ ಭರಣಿ ಬಿಚ್ಚಿದೆ. ಜಗಲಿಯಲ್ಲಿ ಮಲಗಿದ್ದ ನಾಯಿ ಎದ್ದು ಹೋಯಿತು. ಉಪ್ಪು ಸಾಲದೆ ಮಿಡಿಯೆಲ್ಲ ಕೊಳೆತು ಹೋಗಿದೆ.

ಈಗ ನೀನೇ ಹೇಳು. ನಮ್ಮ ಕಿಟ್ಟ ಸಣ್ಣವನಿದ್ದಾಗಲೇ ಒಲೆಯ ಮೇಲಿನ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಅಂಗಳದಲ್ಲಿ ನಿಂತು ಹೇಳುತ್ತಿದ್ದವನು. ನೈವೇದ್ಯವಾಗುವ ಮೊದಲು ಅಡಿಗೆಯನ್ನು ನಾಲಗೆಗೆ ಮುಟ್ಟಿಸುವಂತಿಲ್ಲ ನೋಡು, ಹಾಗಾಗಿ ಅಪ್ಪಯ್ಯ ಅವನನ್ನೇ ಕರೆದು ಮೂಸಿಸುತ್ತಿದ್ದರು. ಅಂಥವನಿಗೆ ಕೊಳೆತ ಮಿಡಿ ಘಮ್ಮೆನ್ನುವುದುಂಟಾ? ಒಂದೋ ಅವನು ಭರಣಿ ಬಿಚ್ಚಿಲ್ಲ, ಇಲ್ಲವೇ ನನ್ನ ಮೇಲೆ ಏನೋ ಸಿಟ್ಟಿದೆ, ಅದಕ್ಕೇ ಹೊರಗಿನವರಿಗೆ ಬರೆದ ಹಾಗೆ ಹೊಗಳಿ ಬರೆದಿದ್ದಾನೆ. ತೋಟದ ಬೇಲಿಯ ವಿಷಯದಲ್ಲಿ ನಾನು ಏನಾದರೂ ಅಂದೆನೇ? ನನಗೆ ನೆನಪಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆ. ಫೋನ್ ಮಾಡಬೇಡ. ಇಲ್ಲಿ ಟವರು ಸರಿಯಿಲ್ಲ, ಯಾರು ಮಾತಾಡಿದರೂ ಗುಳುಗುಳು ಎನ್ನುತ್ತದೆ.

ಜಲಜಕ್ಕ


ಮೈಲಾಪುರ, ಚೆನ್ನೈ
೮ ಜನವರಿ ೨೦೨೫

ಜಲಜಕ್ಕಾ,

ನಮಸ್ಕಾರ. ಪೋಸ್ಟಿನವನು ನಿಮ್ಮ ಕಾಗದವನ್ನು ನನ್ನ ಕೈಗೇ ಕೊಟ್ಟ, ಬದುಕಿಕೊಂಡೆ. ನಿಮ್ಮ ತಮ್ಮನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಭರಣಿ ಬಿಚ್ಚಿದ್ದೂ ನಿಜ. ಬಿಚ್ಚಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಅಕ್ಕನ ಕೈ ಅಂದ್ರೆ ಅಕ್ಕನ ಕೈ" ಅಂದರು. ನಾನು ಮೂಗಿಗೆ ಸೆರಗು ಮುಚ್ಚಿಕೊಂಡು ಒಳಗೆ ಓಡಿದೆ. ಎಸೆದರೆ ಯಾಕೆಂದು ಕೇಳುತ್ತಾರೆ ಎಂದು ಭರಣಿಯನ್ನು ಅಟ್ಟಕ್ಕೆ ಹಾಕಿದ್ದೇನೆ. ಈಗ ಬಡಿಸುತ್ತಿರುವುದು ಅಂಗಡಿಯ ಉಪ್ಪಿನಕಾಯಿ. ಅದನ್ನೂ ಅಕ್ಕನ ಕೈ ಅನ್ನುತ್ತಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ.

ಅಕ್ಕಾ, ಇವರಿಗೆ ವಾಸನೆ ಹೋಗಿದೆ.

ಆಷಾಢದಲ್ಲಿ ಜ್ವರ ಬಂದಿತ್ತಲ್ಲ, ಅದರ ಜೊತೆಗೇ ಹೋಗಿದೆ. ಇವರು ಯಾರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಒಂದು ದಿನ ಹಾಲು ಸೀದು ಅಡಿಗೆಮನೆ ಹೊಗೆಯಾಗಿದೆ, ಇವರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದಾರೆ. ನಾನು ನೋಡಿದೆ, ಸುಮ್ಮನೆ ಪಾತ್ರೆ ಇಳಿಸಿದೆ. ಅವತ್ತಿನಿಂದ ನಾನೂ ಹೇಳಿಲ್ಲ. ನನಗೆ ತಿಳಿದಿದೆ ಎಂದು ಇವರಿಗೆ ಗೊತ್ತಾದರೆ ಮತ್ತೆ ಅಡಿಗೆಮನೆಗೆ ಕಾಲಿಡುವವರಲ್ಲ.

ನಮ್ಮ ಹೋಟೆಲಿನಲ್ಲಿ ಈಗಲೂ ಬೆಳಗಿನ ಮೊದಲ ಸಾಂಬಾರಿನ ಹಂಡೆಗೆ ಇವರೇ ಬಗ್ಗುತ್ತಾರೆ, ಕೈಯಲ್ಲಿ ಹಬೆಯನ್ನು ಮೂಗಿನ ಕಡೆ ತಂದುಕೊಳ್ಳುತ್ತಾರೆ, "ಸರಿ, ದೇವರಿಗಿಡಿ" ಅನ್ನುತ್ತಾರೆ. ಅದಕ್ಕೆ ಮೊದಲೇ ಅಡಿಗೆಯ ಸುಘೋಷ ಹಿಂದಿನ ಬಾಗಿಲಲ್ಲಿ ನಿಂತು ಒಂದು ಚಮಚ ಬಾಯಿಗೆ ಹಾಕಿ ನೋಡಿರುತ್ತಾನೆ. ನಾನೇ ಹೇಳಿಕೊಟ್ಟದ್ದು. ಗುರುನರಸಿಂಹ ನನ್ನನ್ನು ಕ್ಷಮಿಸಲಿ. ಸುಘೋಷ ರಜೆ ಹಾಕಿದ ಒಂದು ದಿನ, ನಿತ್ಯ ಬರುವ ಮಾಮ ಒಬ್ಬರು, "ಕಿಟ್ಟಣ್ಣಾ, ಇನ್ನಿಕ್ಕಿ ಉಪ್ಪು ಕೊಂಜಂ ತೂಕ್ಕಲ್" ಅಂದುಬಿಟ್ಟರು. ಉಪ್ಪು ತುಸು ಮುಂದಾಗಿದೆ ಅಂತ, ಅಷ್ಟೇ. ಇವರು ಆ ದಿನ ಊಟ ಮಾಡಲಿಲ್ಲ.

ಶೋಳಿಂಗನಲ್ಲೂರಿನ ಕಡೆಯವರೊಬ್ಬರು ಹೋಟೆಲನ್ನು ಹೆಸರು ಸಹಿತ ಕ್ರಯಕ್ಕೆ ಕೇಳುತ್ತಿದ್ದಾರೆ. ಇವರು ಬೇಡ ಎಂದಿಲ್ಲ. "ವಯಸ್ಸಾಯ್ತು" ಅನ್ನುತ್ತಾರೆ. ನಿಮ್ಮ ತಮ್ಮನಿಗೆ ಏನು ಮಹಾ ವಯಸ್ಸು ಎಂದು ನಿಮಗೇ ಗೊತ್ತು. ಸಂಕ್ರಾಂತಿ ಕಳೆದು ಹೋಟೆಲಿಗೆ ಸುಣ್ಣಬಣ್ಣ, ಆಗ ಬಾಗಿಲು ಹಾಕಿ ಕಾರಿನಲ್ಲಿ ಸಮುದ್ರದ ದಂಡೆಗುಂಟ ತಿರುಗಿ ಬರುವುದು, ಬಂದ ಮೇಲೆ ಅವರಿಗೆ ಉತ್ತರ ಕೊಡುವುದು ಎಂದು ತೀರ್ಮಾನವಾಗಿದೆ. ಹರ್ಷಿಣಿ ಅಪ್ಪನಿಗಾಗಿ ಆಫೀಸಿನ ಸ್ನೇಹಿತರಿಂದ ಟೆಂಟ್ ತಂದಿದ್ದಾಳೆ. ರಾತ್ರಿ ಮರಳಿನ ಮೇಲೆ ಮಲಗುವುದಂತೆ. ಇಷ್ಟು ವರ್ಷ ಹೋಟೆಲು ಬಿಟ್ಟು ಎಗ್ಮೋರಿಗೆ ಹೋಗದ ಮನುಷ್ಯ ಮರುಮಾತಿಲ್ಲದೆ ಹೂಂ ಅಂದಾಗಲೇ ನನಗೆ ಹೆದರಿಕೆಯಾಯಿತು.

ದಾರಿಯಲ್ಲಿ ರಾಮನಾಥಪುರದ ವಿಷ್ಣುಮೂರ್ತಿಯ ಹೋಟೆಲಿಗೆ ಹೋಗುತ್ತೇವೆ. ಅಲ್ಲಿಗೆ ಬರೆಯಿರಿ. ಆದರೆ ಅವನು ಕಾಗದವನ್ನು ಇವರ ಕೈಗೇ ಕೊಡುತ್ತಾನೆ, ಇವರು ಒಡೆದು ಓದುತ್ತಾರೆ. ನೋಡಿಕೊಂಡು ಬರೆಯಿರಿ.

ಚಂದ್ರಮತಿ


ಸಾಲಿಗ್ರಾಮ
೧೪ ಜನವರಿ ೨೦೨೫

ಚಂದ್ರಮತಿ,

ಇಂದು ಸಂಕ್ರಾಂತಿ. ಎಳ್ಳು ಬೆಲ್ಲ ಕಳಿಸುವ ಬದಲು ಒಂದು ಸುದ್ದಿ ಕಳಿಸುತ್ತಿದ್ದೇನೆ. ಕಿಟ್ಟನಿಗೂ ಓದಿ ಹೇಳು.

ನನಗೆ ಕಿವಿ ಕೇಳುವುದಿಲ್ಲ. ಟವರು ಸರಿಯಾಗಿಯೇ ಇದೆ. ಕೆಲವು ವರ್ಷಗಳಿಂದ ಹೀಗೆ. ಯಾರಾದರೂ ಮಾತಾಡಿದರೆ ಅವರ ಮುಖ ನೋಡಿ ನಗುವುದೋ ಅಯ್ಯೋ ಅನ್ನುವುದೋ ನಿಶ್ಚಯಿಸುತ್ತೇನೆ. ಹೋದ ವರ್ಷ ಹನುಮಂತಯ್ಯ ಮೇಷ್ಟ್ರ ಹೆಂಡತಿ ತಮ್ಮ ತಾಯಿ ತೀರಿಕೊಂಡ ಸಂಗತಿ ಹೇಳಿದಾಗ ನಾನು ನಕ್ಕೆ. ಅವರು ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟವಳು ಅನ್ನಿಸಿಕೊಳ್ಳುವುದೇ ಮೇಲು ಎಂದು ಸುಮ್ಮನಿದ್ದೆ.

ಮೊನ್ನೆ ಭಜನೆಗೆ ಸೇರಿದ ಹೆಂಗಸರ ಎದುರು ಹೇಳಿಬಿಟ್ಟೆ. ನನಗೆ ಕೇಳುವುದಿಲ್ಲ, ಗಟ್ಟಿಯಾಗಿ ಹೇಳಿ ಅಂತ. ಆಕಾಶ ಬೀಳಲಿಲ್ಲ. ಒಬ್ಬಳು ಎದ್ದು ಬಂದು ನನ್ನ ಬಲಗಡೆ ಕೂತಳು, ಅಷ್ಟೇ. ನಿನಗೆ ಹೇಳುತ್ತೇನೆ ಚಂದ್ರಮತಿ, ಆ ರಾತ್ರಿ ಬಂದಂಥ ನಿದ್ದೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಕಳೆದುಕೊಂಡದ್ದಕ್ಕಿಂತ ಅದನ್ನು ಮುಚ್ಚಿಡುವ ಕೆಲಸವೇ ದೊಡ್ಡದಾಗಿತ್ತು.

ಮಕ್ಕಳನ್ನು ನೀರಿಗೆ ಇಳಿಯಲು ಬಿಡಬೇಡ. ಕಿಟ್ಟನಿಗೆ ಬೆಳಿಗ್ಗೆ ಕಿವಿಗೆ ಬಟ್ಟೆ ಕಟ್ಟು, ಥಂಡಿ ಗಾಳಿ.

ಜಲಜಕ್ಕ


ವೇದಾರಣ್ಯದ ಹತ್ತಿರ
೧೯ ಜನವರಿ ೨೦೨೫

ಜಲಜಕ್ಕಾ,

ಮರಳಿನ ಮೇಲೆ ಕೂತು, ಸಂಡಿಗೆ ಡಬ್ಬದ ಮುಚ್ಚಳದ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ವಾಲಿದರೆ ತಪ್ಪು ನನ್ನದಲ್ಲ.

ಟೆಂಟಿನಲ್ಲಿ ಮಲಗುವವರು ಒಂದು ಚೀಲ ಹಿಡಿದು ಹೋಗುತ್ತಾರೆ ಎಂದು ಹರ್ಷಿಣಿ ಹೇಳಿದ್ದಳು. ನಾವು ಕಾಯಿ ತುರಿಯುವ ಹೆರೆಮಣೆ, ಕಾಫಿ ಫಿಲ್ಟರು, ಎರಡು ಹಂಡೆ, ಬಾಳೆ ಎಲೆಯ ಕಟ್ಟು, ದೇವರ ಪಟ, ಮತ್ತೆ ಒಂದು ದೊಡ್ಡ ಡಬ್ಬ ದೋಸೆ ಹಿಟ್ಟು ತಂದಿದ್ದೇವೆ. ಹೋಟೆಲಿನವರು ಊರು ಬಿಟ್ಟರೂ ಹಿಟ್ಟು ಬಿಡುವುದಿಲ್ಲ. ಬಿಸಿಲಿಗೆ ಹಿಟ್ಟು ಉಕ್ಕಿ ಡಬ್ಬದ ಮುಚ್ಚಳ ಹಾರಿ, ಕಾರಿನ ಡಿಕ್ಕಿಯೆಲ್ಲ ಹಿಟ್ಟಾಯಿತು. ತೊಳೆದರೂ ಹುಳಿ ನಾತ ಹೋಗಿಲ್ಲ. ಇವರು ಮುಂದೆ ಕೂತು, "ಕಾರು ಎಷ್ಟು ಚೊಕ್ಕ ಇಟ್ಟಿದ್ದಾಳೆ ನಮ್ಮ ಹುಡುಗಿ" ಎಂದು ಮಗಳನ್ನು ಹೊಗಳುತ್ತಾರೆ. ಮಗಳು ಕಿಟಕಿ ಇಳಿಸಿಕೊಂಡು ಓಡಿಸುತ್ತಾಳೆ.

ಹೊರಡುವ ಮೊದಲು ಮಕ್ಕಳಿಬ್ಬರನ್ನೂ ಕೂರಿಸಿ ಎಲ್ಲ ಹೇಳಿದ್ದೆ. ಏನೇ ನಾರಲಿ, ಏನೇ ಘಮಘಮಿಸಲಿ, ಅಪ್ಪನ ಎದುರು ವಾಸನೆಯ ಸುದ್ದಿ ಎತ್ತಕೂಡದು ಎಂದು ಅಪ್ಪಣೆ ಮಾಡಿದ್ದೇನೆ. ಸೂರಜನ ಬಾಯಿ ನಿಮಗೆ ಗೊತ್ತಲ್ಲ. ನಾನು ಕನ್ನಡದಲ್ಲಿ ಬೈದರೆ ಅವನು ತಮಿಳಿನಲ್ಲಿ ಉತ್ತರ ಕೊಡುವವನು. ಅವನೂ ಈಗ ಬಾಯಿಗೆ ಬೀಗ ಹಾಕಿದ್ದಾನೆ. ತರಂಗಂಬಾಡಿಯಲ್ಲಿ ಒಮ್ಮೆ ಮಾತ್ರ "ಕಡಲ್ ವಾಸನೆ ಸೂಪರಾ" ಎಂದು ಶುರು ಮಾಡಿದ. ತೊಡೆಗೆ ಚಿವುಟಿದೆ.

ಇಲ್ಲಿಯೂ ನೈವೇದ್ಯ ನಡೆದಿದೆ. ದೇವರ ಪಟವನ್ನು ಕಾರಿನ ಮೂತಿಯ ಮೇಲೆ ಇಟ್ಟು, ಇವರು ಸಾರಿಗೆ ಬಗ್ಗುತ್ತಾರೆ. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಬಹಳ ಹೊತ್ತು ಹಾಗೇ ಬಗ್ಗಿರುತ್ತಾರೆ. ನಿನ್ನೆ ಎದ್ದವರು ನನ್ನ ಕಡೆ ನೋಡದೆ, "ಈ ಹೋಟೆಲು ಗೀಟೆಲು ಸಾಕು ಅಲ್ದಾ?" ಅಂದರು. ನನಗೆ ಅಳು ಬರುತ್ತಿತ್ತು, ಹೊಗೆ ಎಂದು ಕಣ್ಣೊರೆಸಿಕೊಂಡೆ. ಒಲೆಯಿರುವುದು ಗ್ಯಾಸಿನದು. ಇವರು ಅದನ್ನೂ ಗಮನಿಸಲಿಲ್ಲ.

ಚಂದ್ರಮತಿ


ರಾಮನಾಥಪುರ
೨೩ ಜನವರಿ ೨೦೨೫

ಜಲಜಕ್ಕಾ,

ನಿಮ್ಮ ಕಾಗದ ಸಿಕ್ಕಿತು. ನಾನು ಹೆದರಿದ ಹಾಗೇ ವಿಷ್ಣುಮೂರ್ತಿ ಇವರ ಕೈಗೆ ಕೊಟ್ಟ. ಇವರು ಎಲ್ಲರೂ ಕೇಳುವ ಹಾಗೆ ಗಟ್ಟಿಯಾಗಿ ಓದಲು ಶುರು ಮಾಡಿದರು. ಮೇಷ್ಟ್ರ ಹೆಂಡತಿಯ ಹತ್ತಿರ ಬರುವಾಗ ದನಿ ಸಣ್ಣದಾಯಿತು. ನಿದ್ದೆ ಬಂತು ಎಂದು ಬರೆದಿದ್ದೀರಲ್ಲ, ಅಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವರ ಕೈ ಮೂಗಿಗೆ ಹೋಯಿತು.

"ಅಕ್ಕನಿಗೆ ಇಷ್ಟು ವರ್ಷ ಕೇಳ್ತಿರ್ಲಿಲ್ಲ, ನಮಗೆ ಗೊತ್ತೇ ಆಗ್ಲಿಲ್ಲ" ಅಂದರು. ನನಗೆ ಗೊತ್ತಿತ್ತು ಅಕ್ಕಾ. ನಿಮಗೆ ಟವರೇ ನೆವ ಇರಲಿ ಎಂದು ಸುಮ್ಮನಿದ್ದೆ. ನನ್ನ ಹಣೆಬರಹವೇ ಇದು, ಅಕ್ಕ ತಮ್ಮ ಇಬ್ಬರ ಗುಟ್ಟನ್ನೂ ನಾನೇ ಕಾಯಬೇಕು.

ಆಮೇಲೆ ಇವರು ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ. ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ನಾಳೆ ಸಾಯಲ್ಕುಡಿಯ ಆಚೆ, ಯಾರೂ ಹೋಗದ ಒಂದು ದಂಡೆ ಇದೆಯಂತೆ, ಅಲ್ಲಿಗೆ ಹೊರಡುತ್ತೇವೆ. ಅದೇ ಕೊನೆ, ಅಲ್ಲಿಂದ ವಾಪಸು. ಶೋಳಿಂಗನಲ್ಲೂರಿನವರು ಎರಡು ಸಲ ಫೋನ್ ಮಾಡಿದರು. "ಬಂದು ಹೇಳ್ತೇನೆ" ಎಂದಿದ್ದಾರೆ. ಹೇಳುವ ದನಿಯಲ್ಲೇ ಉತ್ತರ ಇತ್ತು.

ಚಂದ್ರಮತಿ


ಸಾಯಲ್ಕುಡಿಯ ಆಚೆ
೨೭ ಜನವರಿ ೨೦೨೫

ಜಲಜಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕ್ಷೇಮ. ಎಲ್ಲರಿಗೂ ಸ್ನಾನ ಬೇಕಾಗಿದೆ, ಅಷ್ಟೇ.

ಇಲ್ಲಿಗೆ ಬಂದದ್ದು ಕತ್ತಲಾಗುವಾಗ. ಜಾಗ ಆರಿಸಿದವರು ಇವರೇ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗಾಳಿಮರದ ತೋಪು, ನಡುವೆ ಗುಡಿಸಿಟ್ಟಂಥ ಮರಳು. "ಇದಕ್ಕಿಂತ ಒಳ್ಳೆ ಜಾಗ ಸಿಕ್ಕುದಿಲ್ಲ" ಅಂದರು. ಕಾರಿನ ಬಾಗಿಲು ತೆಗೆದದ್ದೇ ತಡ, ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಹಿಟ್ಟಿನ ಹುಳಿ ನಾತವೇ ಪರಿಮಳ ಅನ್ನಬೇಕು, ಅಂಥದ್ದು. ಬೆಳಿಗ್ಗೆ ಸೂರಜ್ ನೀರು ತರಲು ಹೋದವನು ನೋಡಿ ಬಂದ. ತೋಪಿನ ಆಚೆ ಬದಿಗೆ ಮೀನು ಒಣಗಿಸುವ ಕಣ. ಅಲ್ಲಿಂದ ಗಾಳಿ ನೇರ ನಮ್ಮ ಟೆಂಟಿಗೆ.

ಏನು ಮಾಡುವುದು? ಜಾಗ ಬದಲಾಯಿಸೋಣ ಅಂದರೆ ಯಾಕೆ ಅನ್ನುತ್ತಾರೆ. ಇವರಿಗೋ ಜಾಗ ಬಹಳ ಹಿಡಿಸಿದೆ. ಎಷ್ಟೋ ತಿಂಗಳ ಮೇಲೆ ನಗುತ್ತಿದ್ದಾರೆ, "ಎಂಥ ಗಾಳಿ, ಎಂಥ ಗಾಳಿ" ಎಂದು ಎದೆಯುಬ್ಬಿಸಿ ಉಸಿರೆಳೆದುಕೊಳ್ಳುತ್ತಿದ್ದಾರೆ. ನಾವು ಮೂರು ದಿನ ಇಲ್ಲಿಯೇ ಉಂಡೆವು, ಇಲ್ಲಿಯೇ ಮಲಗಿದೆವು. ಹರ್ಷಿಣಿ ಕರವಸ್ತ್ರಕ್ಕೆ ಕರ್ಪೂರ ಕಟ್ಟಿಕೊಂಡು ನೆಗಡಿ ಅಂದಳು. ಇವರನ್ನು, ಕಣ ಕಾಣದ ಹಾಗೆ, ದಿನಾ ನೀರಿನ ಅಂಚಿಗುಂಟವೇ ತಿರುಗಾಡಿಸಿದೆವು. ಮಕ್ಕಳು ಒಮ್ಮೆಯೂ ಗೊಣಗಲಿಲ್ಲ ಅಕ್ಕಾ. ಇಂಥ ಮಕ್ಕಳನ್ನು ಹೆತ್ತಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ.

ಇವತ್ತು ಬೆಳಿಗ್ಗೆ ಇವರು ಸಾರಿನ ಪಾತ್ರೆಗೆ ಬಗ್ಗಿದವರು ತಲೆಯೆತ್ತಿ, "ಇದೆಂಥ ನಾತ?" ಅಂದರು.

"ಒಣ್ಣುಮಿಲ್ಲೆಪ್ಪಾ" ಅಂದ ಸೂರಜ್, ತಟ್ಟನೆ. ಏನೂ ಇಲ್ಲ ಅಂತ.

"ನಾತವಾ? ಇಲ್ಲಪ್ಪ, ಸಮುದ್ರದ ಗಾಳಿ" ಅಂದಳು ಹರ್ಷಿಣಿ.

"ನಿಮಗೆಲ್ಲೋ ಭ್ರಮೆ" ಅಂದೆ ನಾನು.

ನಾಲಗೆ ಅಷ್ಟು ಪಳಗಿ ಹೋಗಿತ್ತು. ಇವರು "ಹೌದಾ" ಅಂದರು. ಮತ್ತೆ ಪಾತ್ರೆಗೆ ಬಗ್ಗಿದರು. ಇವರ ಮುಖ ಸಣ್ಣದಾದದ್ದನ್ನು ನೋಡಿದ ಮೇಲೆ ನನ್ನ ತಲೆಗೆ ಹೊಳೆಯಿತು, ಇವರು ಏನು ಹೇಳಿದರು, ನಾವು ಏನು ಮಾಡಿದೆವು ಎಂದು. ಸೌಟು ಅಲ್ಲೇ ಬಿಸಾಡಿ ಕೂಗಿದೆ. "ಇದೆ ಮಾರಾಯ್ರೆ, ಇದೆ. ಮೂರು ದಿನದಿಂದ ಇದೆ. ಒಣಮೀನಿನ ನಾತ. ಆ ತೋಪಿನಾಚೆ ರಾಶಿ ಹಾಕಿದ್ದಾರೆ."

"ಕರುವಾಡುಪ್ಪಾ" ಎಂದು ಸೂರಜನೂ ಸೇರಿಸಿದ, ಸಾಕ್ಷಿ ಹೇಳುವವನ ಹಾಗೆ.

ಇವರು ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದರು. "ಮೂರು ದಿನದಿಂದ? ಮತ್ತೆ ನೀವೆಲ್ಲ ಇಲ್ಲೇ ಕೂತು ಉಂಡ್ರಾ?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ಯಾವಾಗಿಂದ ಗೊತ್ತು?" ಅಂದರು.

"ಹಾಲು ಸೀದ ದಿನದಿಂದ."

ಇವರು ಎದ್ದು ತೋಪಿನ ಕಡೆ ನಡೆದರು. ನಾವೂ ಹಿಂದೆಯೇ ಹೋದೆವು. ಕಣದ ನಡುವೆ, ಹಣೆಗೆ ಗಂಧ ಇಟ್ಟುಕೊಂಡ ನಿಮ್ಮ ತಮ್ಮ ಕಣ್ಣು ಮುಚ್ಚಿ ನಿಂತು, ಉಸಿರೆಳೆದು ಎಳೆದು ಅಳುತ್ತಿದ್ದರು. ಮೀನು ಮಗುಚುತ್ತಿದ್ದ ಹೆಂಗಸು, "ಕರುವಾಡು ವೇಣುಮಾ ಅಯ್ಯಾ?" ಎಂದು ಕೇಳಿದಳು. ಇವರು ಕೈಮುಗಿದು, ಬೇಡಮ್ಮಾ, ವಾಸನೆ ಸಾಕು ಅಂದರು. ಆಕೆ ನನ್ನ ಕಡೆ ನೋಡಿದಳು. ನಾನು ನಗುತ್ತಿದ್ದೆ, ನನಗೂ ಅಳುವೇ. ಅವಳಿಗೆ ನಾವು ಏನಾಗಿ ಕಂಡೆವೋ ದೇವರಿಗೇ ಗೊತ್ತು.

ವಾಪಸು ಬಂದು ಸಾರಿಗೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಇಂಗು ಬರುತ್ತಿಲ್ಲ, ಉಪ್ಪೂ ತಿಳಿಯುತ್ತಿಲ್ಲ ಎಂದು ತಾವಾಗಿಯೇ ಹೇಳಿದರು. ಬಂದದ್ದು ಒಣಮೀನು ಒಂದೇ. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟು, "ನೀನೊಮ್ಮೆ ಬಗ್ಗಿ ಕಾಣು ಚಂದ್ರಮತಿ" ಅಂದರು. ಮದುವೆಯಾದಂದಿನಿಂದ ಇವರು ಯಾರಿಗೂ ಆ ಜಾಗ ಬಿಟ್ಟದ್ದಿಲ್ಲ. ನಾನು ಬಗ್ಗಿದೆ. ಉಪ್ಪು ಸಾಲದು ಅಂದೆ. ಹಾಕಿದರು. ದೇವರಿಗಿಟ್ಟೆವು.

ಚಂದ್ರಮತಿ


ಸಾಲಿಗ್ರಾಮ
೨ ಫೆಬ್ರವರಿ ೨೦೨೫

ಚಂದ್ರಮತಿ,

ನಿನ್ನ ಕಾಗದವನ್ನು ದೇವರ ಮುಂದೆ ಇಟ್ಟು ಓದಿದೆ. ಒಣಮೀನಿನ ವಿಷಯ ಅಷ್ಟು ಬಿಡಿಸಿ ಬರೆಯುವ ಅಗತ್ಯವಿರಲಿಲ್ಲ. ಆದರೂ ಓದಿದೆ. ಎರಡು ಸಲ ಓದಿದೆ. ಎದೆಯ ಮೇಲಿನ ಭಾರ ಇಳಿಸಿದ ಹಾಗಾಯಿತು.

ಈಗ ನನ್ನದೊಂದಿದೆ. ರಾಮನಾಥಪುರಕ್ಕೆ ಬರೆದೆನಲ್ಲ, ಭಜನೆಯ ಹೆಂಗಸರಿಗೆ ಹೇಳಿಬಿಟ್ಟೆ ಎಂದು. ಬರೆಯುವಾಗ ನಾನು ಯಾರಿಗೂ ಹೇಳಿರಲಿಲ್ಲ. ಕಿಟ್ಟನಿಗೆ ಧೈರ್ಯ ಬರಲಿ ಎಂದು ಬರೆದದ್ದು. ಕಾಗದ ಅಂಚೆಗೆ ಹಾಕಿ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಅವನು ಅದನ್ನು ನಿಜವೆಂದು ಓದುತ್ತಾನಲ್ಲ, ಸುಳ್ಳಾಗಬಾರದು ಎಂದು ಮುಂದಿನ ಭಜನೆಯಲ್ಲಿ ನಿಜಕ್ಕೂ ಹೇಳಿದೆ. ಮೇಷ್ಟ್ರ ಹೆಂಡತಿಯೇ ಎದ್ದು ಬಂದು ನನ್ನ ಬಲಗಡೆ ಕೂತರು. ನಾನು ಬರೆದ ಹಾಗೇ ಆಯಿತು ನೋಡು. ನಿದ್ದೆಯೂ ಬಂತು.

ನಿನಗೆ ಮೊದಲೇ ಗೊತ್ತಿತ್ತು ಎಂದು ಓದಿ ಸಿಟ್ಟು ಬಂತು, ಆಮೇಲೆ ಹೋಯಿತು. ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದೇನೆ. ನಮ್ಮ ಬಾವಿಯ ರಾಟೆ ಇಷ್ಟು ಕಿರುಗುಟ್ಟುತ್ತದೆ ಎಂದು ಯಾರೂ ನನಗೆ ಹೇಳಿಯೇ ಇರಲಿಲ್ಲ. ಇನ್ನು ಫೋನ್ ಮಾಡಬಹುದು, ಆದರೆ ಕಾಗದ ನಿಲ್ಲಿಸಬೇಡ. ಹೋಟೆಲಿನದು ಏನಾಯಿತು? ಅದನ್ನು ಬರೆಯದೆ ನನ್ನನ್ನು ಸಾಯಿಸುತ್ತಿದ್ದೀ.

ಜಲಜಕ್ಕ


ಮೈಲಾಪುರ, ಚೆನ್ನೈ
೮ ಫೆಬ್ರವರಿ ೨೦೨೫

ಜಲಜಕ್ಕಾ,

ಹೋಟೆಲು ನಮ್ಮದೇ. ಊರಿಗೆ ಬಂದ ಮಾರನೆಯ ದಿನವೇ ಶೋಳಿಂಗನಲ್ಲೂರಿನವರನ್ನು ಕರೆದು, ಕಾಫಿ ಕೊಟ್ಟು, ಇಲ್ಲ ಎಂದು ಹೇಳಿ ಕಳಿಸಿದರು. ಅವರು ಹೋದ ಮೇಲೆ ನಾನು ಅಡಿಗೆಮನೆಯಲ್ಲಿ ಕೂತು ಒಂದು ಲೋಟ ನೀರು ಕುಡಿದೆ. ಎಷ್ಟೋ ತಿಂಗಳಿಂದ ಉಸಿರು ಹಿಡಿದುಕೊಂಡೇ ಇದ್ದೆ ಎಂದು ಆಗ ತಿಳಿಯಿತು.

ಡಾಕ್ಟರಿಗೂ ತೋರಿಸಿದೆವು. ಬರಲು ಶುರುವಾದದ್ದು ಒಳ್ಳೆಯದು, ಮೆಲ್ಲನೆ ಬರುತ್ತದೆ ಎಂದಿದ್ದಾರೆ. ಮೊದಲು ಬರುವುದೆಲ್ಲ ಕೆಟ್ಟ ವಾಸನೆಗಳೇ. ಡೀಸೆಲು ಬಂತು, ಚರಂಡಿ ಬಂತು. ಮೊನ್ನೆ ಕಾಫಿ ಬಂತು. ಇವರು ಆ ಲೋಟ ಹಿಡಿದುಕೊಂಡು ಹೋಟೆಲಿನ ಎಲ್ಲ ಟೇಬಲ್ಲಿಗೂ ಹೋಗಿ ಹೇಳಿ ಬಂದರು. ಉಪ್ಪು ಇನ್ನೂ ತಿಳಿಯುವುದಿಲ್ಲ. ಹಂಡೆಗೆ ಈಗ ಬೆಳಿಗ್ಗೆ ನಾನು ಬಗ್ಗುತ್ತೇನೆ, ಇವರು ಪಕ್ಕದಲ್ಲಿ ನಿಂತು "ಸರಿಯಾಗಿ ಕಾಣು" ಎಂದು ಕಾಟ ಕೊಡುತ್ತಾರೆ. ಸುಘೋಷನ ಚಮಚ ನಿಂತಿದೆ. ಅವನಿಗೂ ಒಂದು ಪಾಪ ಕಡಿಮೆ.

ಇವರು ಏನೋ ಬರೆಯುತ್ತಾರಂತೆ, ನನಗೆ ತೋರಿಸುವುದಿಲ್ಲವಂತೆ. ಕೆಳಗೆ ಜಾಗ ಬಿಟ್ಟಿದ್ದೇನೆ.

ಚಂದ್ರಮತಿ

ಅಕ್ಕಾ,

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯಲ್ಲಿ ಏನೋ ಸತ್ತ ನಾತ ಬಂತು. ಚಂದ್ರಮತಿ ಹೋಟೆಲಿನಲ್ಲಿದ್ದಳು. ಇಲಿ ಇರಬೇಕು ಎಂದು ಏಣಿ ಹಾಕಿ ಅಟ್ಟ ಹತ್ತಿದೆ. ಮೂಲೆಯಲ್ಲಿ ನಿನ್ನ ಭರಣಿ ಸಿಕ್ಕಿತು. ಮುಚ್ಚಳ ತೆಗೆದೆ. ಉಪ್ಪು ಸಾಲದೆ ಕೊಳೆತಿದೆ ಅಕ್ಕ. ಈ ಸಲ ಮಿಡಿ ಬಿಟ್ಟ ಕೂಡಲೇ ಬೇರೆ ಹಾಕಿ ಕಳಿಸು, ಉಪ್ಪು ಸ್ವಲ್ಪ ಮುಂದಾಗಿಯೇ ಇರಲಿ.

ಕಿಟ್ಟ